ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್? ದುಡ್ಡು ಕೊಡಬೇಕಾ, ವಿಂಡೋಸ್ ಜೊತೆ ಬಂದದ್ದೇ ಸಾಕಾ?

ಗಂಗಾವತಿ ಮನೆಪಿಸಿ

ಮನೆಯಲ್ಲಿ ಎರಡು ಯಂತ್ರ ಇವೆ. ಮೊದಲನೆಯದು ಡೆಸ್ಕ್‌ಟಾಪ್: ನಾಲ್ಕನೇ ಪೀಳಿಗೆಯ ಇಂಟೆಲ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅದರಲ್ಲಿ ಲೆಕ್ಕಕ್ಕೆ ಟ್ಯಾಲಿ, ಕನ್ನಡ ಟೈಪಿಂಗಿಗೆ ನುಡಿ. ಎರಡನೆಯದು ಹೊಸ ಲ್ಯಾಪ್‌ಟಾಪ್: ವಿಂಡೋಸ್ 11, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಅದರ ಜೊತೆ ಬಂದ 30 ದಿನದ ಟ್ರಯಲ್ ಆಂಟಿವೈರಸ್ ಈ ವಾರ ಮುಗಿಯುತ್ತದೆ. ಇಂಟರ್ನೆಟ್ಟಿಗೆ ಫೋನಿನ ಹಾಟ್‌ಸ್ಪಾಟ್ ಮಾತ್ರ. ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಿ ಬರುತ್ತಿರುತ್ತದೆ.

ಎರಡಕ್ಕೂ ಸೇರಿಸಿ ಒಂದು ಆಂಟಿವೈರಸ್ ಕೊಳ್ಳಬೇಕೋ ಬೇಡವೋ? ಕೊಳ್ಳುವುದಾದರೆ ಯಾವುದು, ಯಾಕೆ?

ರಾಯಚೂರು ಹಾರ್ಡ್‌ವೇರ್

ಎರಡು ಯಂತ್ರಕ್ಕೆ ಎರಡು ಉತ್ತರ.

ಲ್ಯಾಪ್‌ಟಾಪಿಗೆ ಏನೂ ಕೊಳ್ಳಬೇಡಿ. ವಿಂಡೋಸ್ 11ರ ಒಳಗೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್. ಈಗ ಅದು ಸುಮ್ಮನೆ ಬದಿಗೆ ಸರಿದು ಕೂತಿದೆ, ಯಾಕೆಂದರೆ ಬೇರೆ ಆಂಟಿವೈರಸ್ ಇದ್ದಾಗ ವಿಂಡೋಸ್ ಅದನ್ನು ತಾನೇ ಆಫ್ ಮಾಡುತ್ತದೆ. ಟ್ರಯಲ್ ಮುಗಿದ ಮೇಲೆ ಅದನ್ನು ಹಾಗೇ ಬಿಡುವುದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಐಕಾನ್ ಇರುತ್ತದೆ, ಹೊಸ ವೈರಸ್ ಪಟ್ಟಿ ಬರುವುದಿಲ್ಲ, ಮನೆಯವರು ರಕ್ಷಣೆ ಇದೆ ಎಂದೇ ತಿಳಿದಿರುತ್ತಾರೆ.

ಮಾಡಬೇಕಾದದ್ದು: ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಟ್ರಯಲ್ ಆಂಟಿವೈರಸ್ ಹುಡುಕಿ ಅನ್‌ಇನ್‌ಸ್ಟಾಲ್ ಕೊಡಿ, ಯಂತ್ರ ರೀಸ್ಟಾರ್ಟ್ ಮಾಡಿ. ಮೆಕಾಫಿ, ನಾರ್ಟನ್‌ನಂಥವು ಹೀಗೆ ತೆಗೆದರೂ ಚೂರುಪಾರು ಬಿಟ್ಟು ಹೋಗುವುದುಂಟು. ಅದಕ್ಕಾಗಿ ಆಯಾ ಕಂಪನಿಯೇ ತನ್ನ ಜಾಲತಾಣದಲ್ಲಿ ರಿಮೂವಲ್ ಟೂಲ್ ಇಟ್ಟಿದೆ, ಅದನ್ನೂ ಒಮ್ಮೆ ಓಡಿಸಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ. ರಿಯಲ್ ಟೈಮ್, ಕ್ಲೌಡ್ ಡೆಲಿವರ್ಡ್, ಆಟೊಮ್ಯಾಟಿಕ್ ಸ್ಯಾಂಪಲ್ ಸಬ್‌ಮಿಷನ್, ಟ್ಯಾಂಪರ್ ಪ್ರೊಟೆಕ್ಷನ್ ನಾಲ್ಕೂ ಆನ್ ಇರಬೇಕು. ಕೊನೆಯದು ಮುಖ್ಯ. ಒಳಗೆ ಬಂದ ಕೆಟ್ಟ ಪ್ರೋಗ್ರಾಮ್ ಮೊದಲು ಮಾಡುವ ಕೆಲಸ ಆಂಟಿವೈರಸ್ಸನ್ನೇ ಆಫ್ ಮಾಡುವುದು, ಟ್ಯಾಂಪರ್ ಪ್ರೊಟೆಕ್ಷನ್ ಅದಕ್ಕೆ ಅಡ್ಡ ನಿಲ್ಲುತ್ತದೆ.

ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಪುಟದಲ್ಲಿ ಇನ್ನೊಂದು ಇದೆ: ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್. ಅದರ ಕೆಳಗಿನ ಎರಡೂ ಗೆರೆಗೆ ಟಿಕ್ ಹಾಕಿ. ಪಿಡಿಎಫ್ ಕನ್ವರ್ಟರ್, ಡ್ರೈವರ್ ಅಪ್‌ಡೇಟರ್ ಹೆಸರಿನಲ್ಲಿ ಬರುವ ಜಾಹೀರಾತಿನ ಕಸ ಬಹುಪಾಲು ಇಲ್ಲೇ ನಿಲ್ಲುತ್ತದೆ.

ಇನ್ನು ಡೆಸ್ಕ್‌ಟಾಪ್. ಅಲ್ಲಿನ ತೊಂದರೆ ಆಂಟಿವೈರಸ್ಸಿನದ್ದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ, ಆದರೆ ವಿಂಡೋಸ್‌ನ ತೂತು ಮುಚ್ಚುವ ಪ್ಯಾಚ್ ಬೇರೆ, ವೈರಸ್ ಪಟ್ಟಿ ಬೇರೆ. ತೂಬು ಒಡೆದು ನೀರು ಸೋರುವಾಗ ಹೊಲಕ್ಕೆ ಕಾವಲುಗಾರ ಇಟ್ಟರೆ ನೀರು ನಿಲ್ಲುವುದಿಲ್ಲ. ಎಷ್ಟೇ ದುಬಾರಿ ಆಂಟಿವೈರಸ್ ಹಾಕಿದರೂ ಅದು ಕಾವಲುಗಾರನೇ.

ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ ಮಾಡಿತು, ಇಎಸ್‌ಯು ಎನ್ನುತ್ತಾರೆ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಎಂಬ ಕೊಂಡಿ ಕಾಣುತ್ತದೆ. ಸೆಟ್ಟಿಂಗ್ಸ್ ಬ್ಯಾಕಪ್ ಸಿಂಕ್ ಆನ್ ಮಾಡಿದರೆ ಹಣ ಕೊಡಬೇಕಾಗಿಲ್ಲ. ಇಲ್ಲವೆಂದರೆ 1000 ರಿವಾರ್ಡ್ಸ್ ಅಂಕ ಅಥವಾ 30 ಡಾಲರ್. ಇದನ್ನು ಇವತ್ತೇ ಮಾಡಿ, ಆಂಟಿವೈರಸ್ ಮಾತು ಆಮೇಲೆ.

ಸಿಂಧನೂರು ಅಕೌಂಟ್ಸ್

ಲ್ಯಾಪ್‌ಟಾಪಿನ ಬಗ್ಗೆ ಒಪ್ಪುತ್ತೇನೆ. ಡೆಸ್ಕ್‌ಟಾಪ್ ಬಗ್ಗೆ ಅಷ್ಟು ಬೇಗ ಒಪ್ಪಲಾರೆ. ಟ್ಯಾಲಿ ಇರುವ ಯಂತ್ರ ಎಂದರೆ ಅಲ್ಲಿ ಜಿಎಸ್‌ಟಿ ಲಾಗಿನ್, ನೆಟ್‌ಬ್ಯಾಂಕಿಂಗ್, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ) ಎಲ್ಲ ಇರುತ್ತವೆ. ಅಕ್ಕಿ ಗಿರಣಿಯವರ, ದಲಾಲಿ ಅಂಗಡಿಯವರ ಲೆಕ್ಕ ಬರೆಯುವ ಮನೆಗಳಲ್ಲಿ ದಿನಕ್ಕೆ ನಾಲ್ಕೈದು ಬೇರೆ ಬೇರೆ ಪೆನ್‌ಡ್ರೈವ್ ಒಂದೇ ಯಂತ್ರಕ್ಕೆ ಬೀಳುತ್ತವೆ. ಅಂಥಲ್ಲಿ ಹಣ ಕೊಟ್ಟ ಆಂಟಿವೈರಸ್ಸಿಗೆ ಮೂರು ಕಾರಣ ಇವೆ.

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಸ್ಕ್ಯಾನ್ ಮಾಡಲಾ ಎಂದು ಅವು ಕೇಳುತ್ತವೆ. ಡಿಫೆಂಡರ್ ಹಾಗೆ ಕೇಳುವುದಿಲ್ಲ, ಫೈಲ್ ತೆರೆದಾಗ ಮಾತ್ರ ನೋಡುತ್ತದೆ. ಎರಡನೆಯದು ಬ್ರೌಸರ್. ಡಿಫೆಂಡರಿನ ಸ್ಮಾರ್ಟ್‌ಸ್ಕ್ರೀನ್ ಮೋಸದ ತಾಣ ತಡೆಯುವುದು ಎಡ್ಜ್ ಬ್ರೌಸರಿನಲ್ಲಿ. ಕ್ರೋಮ್ ಬಳಸುವವರಿಗೆ ಗೂಗಲ್‌ನ ಸೇಫ್ ಬ್ರೌಸಿಂಗ್ ಮಾತ್ರ ಉಳಿಯುತ್ತದೆ. ಮೂರನೆಯದು, ಏನಾದರೂ ಕೆಟ್ಟರೆ ಫೋನ್ ಮಾಡಲು ಊರಿನಲ್ಲೇ ಒಬ್ಬ ಡೀಲರ್ ಇರುತ್ತಾನೆ. ಕ್ವಿಕ್ ಹೀಲ್, ನೆಟ್ ಪ್ರೊಟೆಕ್ಟರ್ ಪುಣೆಯವು, ಕೆ7 ಚೆನ್ನೈನದ್ದು. ಇವುಗಳ ಡಬ್ಬಿ ನಮ್ಮ ಕಡೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಕೊಳ್ಳುವುದಾದರೆ ಗಮನಿಸಬೇಕಾದದ್ದು ಇಷ್ಟು. ಎಲ್ಲ ಕಂಪನಿಯದ್ದೂ ಮೂರು ಮೆಟ್ಟಿಲು ಇರುತ್ತವೆ: ಬರೀ ಆಂಟಿವೈರಸ್, ಇಂಟರ್ನೆಟ್ ಸೆಕ್ಯುರಿಟಿ, ಟೋಟಲ್ ಸೆಕ್ಯುರಿಟಿ. ವೈರಸ್ ಹಿಡಿಯುವ ಎಂಜಿನ್ ಸಾಮಾನ್ಯವಾಗಿ ಮೂರಕ್ಕೂ ಒಂದೇ. ಮೇಲಿನ ಮೆಟ್ಟಿಲಿನಲ್ಲಿ ಹೆಚ್ಚಿಗೆ ಸಿಗುವುದು ಬ್ಯಾಂಕಿಂಗ್ ಬ್ರೌಸರ್, ಮಕ್ಕಳ ಮೇಲಿನ ನಿಗಾ, ಪಿಸಿ ಟ್ಯೂನ್‌ಅಪ್, ವಿಪಿಎನ್. ಟ್ಯೂನ್‌ಅಪ್ಪಿಗೆ ದುಡ್ಡು ಕೊಡಬೇಡಿ, ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಪಟ್ಟಿ, ಒರೆಸಿದರೆ ಯಂತ್ರ ವೇಗವಾಗುವುದಿಲ್ಲ. ಅಂಗಡಿಯಲ್ಲಿ ಡಬ್ಬಿ ಕೊಂಡರೆ ಕೀ ಮೇಲಿನ ಕೆರೆಯುವ ಪಟ್ಟಿ ಹಾಗೇ ಇದೆಯಾ ನೋಡಿ. ಒಂದು ವರ್ಷ ಎನ್ನುವುದು ಲೆಕ್ಕಕ್ಕೆ ಬರುವುದು ಆ್ಯಕ್ಟಿವೇಟ್ ಮಾಡಿದ ದಿನದಿಂದ. ಹಾಗಾಗಿ ಅಂಗಡಿಯವರು ಮೊದಲೇ ಆ್ಯಕ್ಟಿವೇಟ್ ಮಾಡಿಟ್ಟ ಕೀ ಬೇಡ.

ಆನ್‌ಲೈನ್‌ನಲ್ಲಿ ಕೊಂಡರೆ ಆಟೊ ರಿನ್ಯೂವಲ್ ಟಿಕ್ ತೆಗೆಯಿರಿ. ಮೊದಲ ವರ್ಷ ಕಡಿಮೆ ಬೆಲೆ ತೋರಿಸಿ ಎರಡನೇ ವರ್ಷ ಪೂರ್ಣ ಬೆಲೆ ಕಾರ್ಡಿನಿಂದ ಕೀಳುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಆರ್‌ಬಿಐ ನಿಯಮದ ಪ್ರಕಾರ ಇಂಥ ಕಡಿತಕ್ಕೆ 24 ಗಂಟೆ ಮೊದಲು ನಿಮ್ಮ ಬ್ಯಾಂಕಿನಿಂದ ಸಂದೇಶ ಬರಲೇಬೇಕು. ಆ ಸಂದೇಶ ಬಂದ ಕೂಡಲೇ ರದ್ದು ಮಾಡುವ ಅವಕಾಶವೂ ಇದೆ, 15,000 ರೂಪಾಯಿಯೊಳಗಿನ ಕಡಿತಕ್ಕೆ ಮತ್ತೆ ಒಟಿಪಿ ಕೇಳುವುದಿಲ್ಲ ಎಂಬುದೂ ನೆನಪಿರಲಿ.

ಬಳ್ಳಾರಿ ನೆಟ್‌ವರ್ಕ್

ಇಬ್ಬರದ್ದೂ ಸರಿ. ನಡುವೆ ಒಂದು ಅಂಶ ಬಿಟ್ಟುಹೋಗಿದೆ, ಕೇಳಿದವರ ಮನೆಗೆ ಅದೇ ಮುಖ್ಯ: ಹಾಟ್‌ಸ್ಪಾಟ್.

ಆಂಟಿವೈರಸ್ಸನ್ನು ಅಳೆಯುವ ಸ್ವತಂತ್ರ ಲ್ಯಾಬ್‌ಗಳಲ್ಲಿ ದೊಡ್ಡವು ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6 ಅಂಕ ಇಟ್ಟು 18ಕ್ಕೆ ಲೆಕ್ಕ ಹಾಕುತ್ತದೆ. ಡಿಫೆಂಡರ್ ಅಲ್ಲಿ ವರ್ಷಗಳಿಂದ ಮೇಲಿನ ಸಾಲಿನಲ್ಲೇ ಇದೆ. ಎವಿ-ಕಂಪ್ಯಾರಟಿವ್ಸ್‌ನ ಮಾಲ್‌ವೇರ್ ಪರೀಕ್ಷೆಯಲ್ಲಿ ಮಾತ್ರ ಎರಡು ಬೇರೆ ಕಾಲಂ ಇರುತ್ತವೆ: ಇಂಟರ್ನೆಟ್ ಇದ್ದಾಗ ಎಷ್ಟು ಹಿಡಿಯಿತು, ಇಲ್ಲದಾಗ ಎಷ್ಟು ಹಿಡಿಯಿತು. ಡಿಫೆಂಡರಿನ ಎರಡನೇ ಅಂಕಿ ಮೊದಲನೆಯದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಯಾಕೆಂದರೆ ಅದು ಅನುಮಾನ ಬಂದ ಫೈಲಿನ ಗುರುತನ್ನು ಮೈಕ್ರೋಸಾಫ್ಟ್ ಸರ್ವರಿಗೆ ಕಳಿಸಿ ಕೇಳಿ ತೀರ್ಮಾನ ಮಾಡುತ್ತದೆ. ನೆಟ್ ಇಲ್ಲದಿದ್ದರೆ ಕೇಳಲು ಯಾರೂ ಇಲ್ಲ.

ಈಗ ನಮ್ಮ ಮನೆಗಳ ರೂಢಿ ನೋಡಿ. ಡೇಟಾ ಉಳಿಸಲು ಹಾಟ್‌ಸ್ಪಾಟ್ ಆಫ್, ಅದೇ ಹೊತ್ತಿಗೆ ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್ ಒಳಗೆ. ಅತಿ ಹೆಚ್ಚು ಅಪಾಯದ ಕ್ಷಣದಲ್ಲಿ ಡಿಫೆಂಡರ್ ಅರೆಗಣ್ಣಿನಲ್ಲಿರುತ್ತದೆ. ಪೆನ್‌ಡ್ರೈವ್ ಹಾಕುವ ಮೊದಲು ಹಾಟ್‌ಸ್ಪಾಟ್ ಆನ್ ಮಾಡಿ, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಕೊಡಿ, ಆಮೇಲೆ ತೆರೆಯಿರಿ. ನಿಮ್ಮ ಯಂತ್ರ ದಿನಗಟ್ಟಲೆ ನೆಟ್ ಇಲ್ಲದೆ ಇರುವುದಾದರೆ ಮಾತ್ರ ಸಿಂಧನೂರಿನವರ ಮಾತಿಗೆ ತೂಕ ಹೆಚ್ಚು.

ವೈಫೈ ಸಂಪರ್ಕಕ್ಕೆ ಮೀಟರ್ಡ್ ಕನೆಕ್ಷನ್ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತು ಹಾಕಿದ್ದರೆ ಅಪ್‌ಡೇಟ್ ಹಿಂದೆ ಬೀಳುತ್ತದೆ. ವಾರಕ್ಕೊಮ್ಮೆಯಾದರೂ ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಅಪ್‌ಡೇಟ್ಸ್ ತೆರೆದು ದಿನಾಂಕ ನೋಡಿ, ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ. ದಿನನಿತ್ಯದ್ದು ಚಿಕ್ಕದು. ಬಹಳ ದಿನ ಬಿಟ್ಟು ತೆಗೆದುಕೊಂಡರೆ ಪೂರ್ತಿ ಪಟ್ಟಿ ಇಳಿಯುತ್ತದೆ, ಅದು 100 ಎಂಬಿ ದಾಟುತ್ತದೆ.

ಉಚಿತ ಆಂಟಿವೈರಸ್ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ ಪ್ರಕರಣದಲ್ಲಿ ಅವಾಸ್ಟ್ 1.65 ಕೋಟಿ ಡಾಲರ್ ಕೊಡಬೇಕು ಎಂದು ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಹೇಳಿತು. ಮಾಹಿತಿ ಮಾರುತ್ತಿದ್ದ ಅಂಗಸಂಸ್ಥೆ 2020ರಲ್ಲೇ ಮುಚ್ಚಿದೆ. ಎಂಜಿನ್ ಕೆಟ್ಟದ್ದಲ್ಲ, ಆದರೆ ಡಿಫೆಂಡರ್ ಇರುವಾಗ ಪುಕ್ಕಟೆಯ ಇನ್ನೊಂದನ್ನು ಹಾಕಿ ದಿನಕ್ಕೆರಡು ಬಾರಿ ಅಪ್‌ಗ್ರೇಡ್ ಮಾಡಿ ಎಂಬ ಪೆಟ್ಟಿಗೆ ಮುಚ್ಚುವುದರಲ್ಲಿ ಲಾಭವೇನೂ ಕಾಣುವುದಿಲ್ಲ.

ಗಂಗಾವತಿ ಮನೆಪಿಸಿ

ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ? ಡಿಫೆಂಡರೂ ಇರಲಿ, ಡಬ್ಬಿಯದ್ದೂ ಇರಲಿ.

ಬಳ್ಳಾರಿ ನೆಟ್‌ವರ್ಕ್

ಬೇಡ. ಪ್ರತಿ ಆಂಟಿವೈರಸ್ ವಿಂಡೋಸ್‌ನ ಒಳತಿರುಳಿನಲ್ಲಿ, ಅಂದರೆ ಕರ್ನಲ್‌ನಲ್ಲಿ, ಒಂದು ಫಿಲ್ಟರ್ ಡ್ರೈವರ್ ಕೂರಿಸುತ್ತದೆ. ನೀವು ಒಂದು ಫೈಲ್ ತೆರೆದರೆ ಮೊದಲು ಅದರ ಕೈಗೆ ಹೋಗುತ್ತದೆ. ಎರಡು ಇದ್ದರೆ ಮೊದಲನೆಯದು ತೆರೆದು ನೋಡಿದ್ದನ್ನು ಎರಡನೆಯದು ತಡೆದು ನೋಡುತ್ತದೆ, ಎರಡನೆಯದು ತೆರೆದದ್ದನ್ನು ಮೊದಲನೆಯದು. ಹಾರ್ಡ್ ಡಿಸ್ಕ್ ಯಂತ್ರ ಅಲ್ಲೇ ಮಲಗುತ್ತದೆ, ಕೆಲವೊಮ್ಮೆ ನೀಲಿ ಪರದೆ. ಆ ಜಾಗ ಎಷ್ಟು ನಾಜೂಕು ಎಂಬುದಕ್ಕೆ 2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಘಟನೆ ಸಾಕ್ಷಿ. ಆ ಭದ್ರತಾ ಕಂಪನಿಯ ಒಂದೇ ಒಂದು ದೋಷದ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ಬಿದ್ದವು.

ಸುರಕ್ಷಿತವಾದ ಜೋಡಿ ಒಂದಿದೆ. ಡಬ್ಬಿಯ ಆಂಟಿವೈರಸ್ ಇರುವಾಗಲೂ ವಿಂಡೋಸ್ ಸೆಕ್ಯುರಿಟಿಯಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ ಆಪ್ಷನ್ಸ್ ತೆರೆದು ಪೀರಿಯಾಡಿಕ್ ಸ್ಕ್ಯಾನಿಂಗ್ ಆನ್ ಮಾಡಬಹುದು. ಆಗ ಡಿಫೆಂಡರ್ ಕಾವಲು ಕೂರುವುದಿಲ್ಲ, ಆಗೊಮ್ಮೆ ಈಗೊಮ್ಮೆ ಬಂದು ನೋಡಿ ಹೋಗುತ್ತದೆ.

ಕೊಪ್ಪಳ ಡಿಟಿಪಿ

ಜೆರಾಕ್ಸ್ ಅಂಗಡಿ ಪೆನ್‌ಡ್ರೈವ್ ಮಾತು ಬಂತಲ್ರಿ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಕಡೆ ಹೆಚ್ಚು ಕಾಣೋದು ಶಾರ್ಟ್‌ಕಟ್ ವೈರಸ್.

16 ಜಿಬಿ ಪೆನ್‌ಡ್ರೈವ್ ತೆರೀತೀರಿ. ಒಳಗ ಫೋಲ್ಡರ್ ಒಂದೂ ಇಲ್ಲ, ಡ್ರೈವಿನ ಹೆಸರಿನ ಒಂದೇ ಐಕಾನ್, ಅದರ ಎಡಗಡೆ ಕೆಳಗಿನ ಮೂಲ್ಯಾಗ ಸಣ್ಣ ಬಾಣದ ಗುರ್ತು. ಸೈಜ್ ನೋಡಿದ್ರ 1 ಅಥವಾ 2 ಕೆಬಿ. ಆದ್ರ ಡ್ರೈವಿನ ಪ್ರಾಪರ್ಟೀಸ್ ನೋಡಿದ್ರ 11 ಜಿಬಿ ತುಂಬೈತಿ ಅಂತ ತೋರಸ್ತದ. ಅಂದ್ರ ಫೈಲ್ ಎಲ್ಲೂ ಹೋಗಿಲ್ಲ, ಮರೆ ಮಾಡ್ಯಾವ. ಆ ಐಕಾನ್ ಒತ್ತಿದ್ರ ಫೋಲ್ಡರೂ ತೆರೀತದ, ಅದರ ಬೆನ್ನ ಹಿಂದ ವೈರಸ್ಸೂ ಓಡ್ತದ. ಅದಕ್ಕ ಒತ್ತಬ್ಯಾಡ್ರಿ. ಫಾರ್ಮ್ಯಾಟೂ ಮಾಡಬ್ಯಾಡ್ರಿ.

ಮೊದ್ಲು ಡ್ರೈವ್ ಸ್ಕ್ಯಾನ್ ಮಾಡ್ರಿ, ಹಿಡಿದದ್ದನ್ನ ರಿಮೂವ್ ಕೊಡ್ರಿ. ಆಮೇಲೆ ಸ್ಟಾರ್ಟ್‌ನಾಗ ಕಮಾಂಡ್ ಪ್ರಾಂಪ್ಟ್ ತೆಗೀರಿ. ಪೆನ್‌ಡ್ರೈವ್ ಅಕ್ಷರ ‘ಇ’ ಅಂತ ಇಟ್ಕೊಳ್ಳೋಣ. ಅಟ್ರಿಬ್ ಅಂತ ಬರೆದು ಒಂದು ಸ್ಪೇಸ್, ಮೈನಸ್ ಎಚ್, ಸ್ಪೇಸ್, ಮೈನಸ್ ಆರ್, ಸ್ಪೇಸ್, ಮೈನಸ್ ಎಸ್, ಸ್ಪೇಸ್, ಮುಂದಗಡೆ ವಾಲಿದ ಗೀಟು ಹಾಕಿ ಎಸ್, ಸ್ಪೇಸ್, ಹಂಗೇ ಗೀಟು ಹಾಕಿ ಡಿ, ಸ್ಪೇಸ್, ಕೊನೆಗೆ ಇ, ಕೋಲನ್, ಹಿಂದಗಡೆ ವಾಲಿದ ಗೀಟು, ನಕ್ಷತ್ರ, ಚುಕ್ಕಿ, ನಕ್ಷತ್ರ. ಎಂಟರ್ ಹೊಡೀರಿ. ಎಚ್ ಅಂದ್ರ ಹಿಡನ್, ಆರ್ ಅಂದ್ರ ರೀಡ್ ಓನ್ಲಿ, ಎಸ್ ಅಂದ್ರ ಸಿಸ್ಟಮ್, ಮೂರೂ ಗುರ್ತು ತೆಗಿ ಅಂತ ಹೇಳಿದಂಗ. ಒಂದೆರಡು ನಿಮಿಷಕ್ಕ ಫೋಲ್ಡರ್ ಎಲ್ಲ ಹೊರಗ ಬರ್ತಾವ. ಹಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣ್ತದ, ನಿಮ್ಮ ಫೈಲೆಲ್ಲ ಅದರೊಳಗ ಇರ್ತಾವ. ಗಾಬರಿ ಆಗಿ ಅದನ್ನ ಅಳಿಸಬ್ಯಾಡ್ರಿ.

ಡ್ರೈವ್ ಸ್ವಚ್ಛ ಆದ್ರೂ ಪಿಸಿಗೆ ಹತ್ತಿದ್ರ ಮತ್ತ ಬರ್ತದ. ಪಿಸಿಗೆ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡ್ರಿ. ಅದು ವಿಂಡೋಸ್ ಏಳೋಕ್ಕಿಂತ ಮುಂಚೆ ಓಡ್ತದ, ಹಿಂಗಾಗಿ ವೈರಸ್ ಅಡಗಿಕೊಳ್ಳಾಕ ಜಾಗ ಇರಂಗಿಲ್ಲ. ಸುಮಾರು 15 ನಿಮಿಷ ಹಿಡೀತದ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದ್ರ ಕರೆಂಟ್ ತೆಗಿಯೋ ಹೊತ್ತು ನೋಡ್ಕೊಂಡು ಮಾಡ್ರಿ.

ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯೋದೇ ಬ್ಯಾಡ ಅಂದ್ರ ಪಿಡಿಎಫ್ ಮಾಡಿ ಮೇಲ್ ಮಾಡ್ರಿ. ಒಯ್ಯಬೇಕಾದ್ರ ಬರೀ ಪ್ರಿಂಟಿಗೆ ಒಂದು ಬ್ಯಾರೆ ಡ್ರೈವ್ ಇಟ್ಕೊಳ್ರಿ, ಅದರಾಗ ಪ್ರಿಂಟ್ ಫೈಲ್ ಬಿಟ್ಟು ಏನೂ ಇರಬಾರ್ದು.

ಇನ್ನ ನುಡಿ. ನುಡಿ, ಬರಹದಂಥ ತಂತ್ರಾಂಶ ನೀವು ಒತ್ತಿದ ಕೀಲಿಯನ್ನ ನಡುದಾರಿಯಾಗ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದ ಕಳಸ್ತದ. ಪಾಸ್‌ವರ್ಡ್ ಕದಿಯೋ ಕೀಲಾಗರ್ ಮಾಡೋದೂ ಮೇಲ್ನೋಟಕ್ಕ ಅದೇ ಕೆಲಸ. ಅದಕ್ಕ ಕೆಲವು ಆಂಟಿವೈರಸ್ ಇಂಥ ತಂತ್ರಾಂಶದ ಮ್ಯಾಲ ಅನುಮಾನ ಪಡ್ತಾವ. ಹಂಗಾದಾಗ ಆಂಟಿವೈರಸ್ ಆಫ್ ಮಾಡಬ್ಯಾಡ್ರಿ. ಇನ್‌ಸ್ಟಾಲರ್ ಎಲ್ಲಿಂದ ಬಂತು ನೋಡ್ರಿ. ಗೆಳೆಯರ ಪೆನ್‌ಡ್ರೈವಿಂದ ಬಂದಿದ್ರ ಬಿಸಾಕಿ, ಅದನ್ನ ಮಾಡಿದವರ ತಾಣದಿಂದಲೇ ಹೊಸದು ಇಳಿಸ್ರಿ. ಆಮೇಲೂ ತಡೆದ್ರ ಆ ಒಂದು ಫೈಲಿಗೆ ಮಾತ್ರ ಅನುಮತಿ ಕೊಡ್ರಿ. ಡಿ ಡ್ರೈವಿಗೆ ಪೂರ್ತಿ ವಿನಾಯಿತಿ ಕೊಡೋದು ದೊಡ್ಡ ತಪ್ಪು.

ರಾಯಚೂರು ಹಾರ್ಡ್‌ವೇರ್

ಕೊನೆಯ ಮಾತನ್ನು ಎರಡು ಸಲ ಓದಿ. ಎಕ್ಸ್‌ಕ್ಲೂಷನ್ಸ್ ಪಟ್ಟಿ ಎನ್ನುವುದು ಆಂಟಿವೈರಸ್ ಕಣ್ಣು ಮುಚ್ಚಿಕೊಳ್ಳುವ ಜಾಗಗಳ ಪಟ್ಟಿ. ಸೆಕೆಂಡ್ ಹ್ಯಾಂಡ್ ಪಿಸಿ ಕೊಂಡವರು, ವಿಂಡೋಸ್ ಹಾಕಿಸಿಕೊಂಡು ಬಂದವರು ಮೊದಲು ನೋಡಬೇಕಾದದ್ದು ಅದನ್ನೇ. ಮ್ಯಾನೇಜ್ ಸೆಟ್ಟಿಂಗ್ಸ್ ಪುಟದ ತಳಕ್ಕೆ ಇಳಿದರೆ ಎಕ್ಸ್‌ಕ್ಲೂಷನ್ಸ್ ಇದೆ. ಮನೆ ಪಿಸಿಯಲ್ಲಿ ಅದು ಖಾಲಿ ಇರಬೇಕು. ಸಿ ಡ್ರೈವ್ ಎಂದೋ, ಕೆಎಂಎಸ್ ಎಂಬ ಹೆಸರಿನ ಫೋಲ್ಡರ್ ಎಂದೋ ಕಂಡರೆ ಆ ಯಂತ್ರದಲ್ಲಿ ವಿಂಡೋಸ್ ಅಥವಾ ಆಫೀಸ್ ಕ್ರ್ಯಾಕ್ ಮಾಡಿರುವ, ಅಂದರೆ ದುಡ್ಡು ಕೊಡದೆ ಕಳ್ಳದಾರಿಯಲ್ಲಿ ಹಾಕಿರುವ ಸಾಧ್ಯತೆ ಹೆಚ್ಚು. ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಎಂದು ಸೂಚನೆ ಇರುತ್ತದಲ್ಲ, ಮನೆಗಳಿಗೆ ಫೈಲಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬರುವ ಹೆದ್ದಾರಿಯೇ ಅದು. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ರ‍್ಯಾನ್ಸಮ್‌ವೇರ್ ಕುಟುಂಬ ಮನೆ ಪಿಸಿಗಳಿಗೆ ಹರಡಿದ್ದು ಮುಖ್ಯವಾಗಿ ಕ್ರ್ಯಾಕ್ ತಂತ್ರಾಂಶದ ಜೊತೆಗೆ.

ಹಾಗಾಗಿ ಖರ್ಚಿನ ಆದ್ಯತೆ ನನ್ನ ಪ್ರಕಾರ ಹೀಗೆ: ಮೊದಲು ಅಸಲಿ ವಿಂಡೋಸ್, ಆಮೇಲೆ ಬ್ಯಾಕಪ್‌ಗೆ 1 ಟಿಬಿ ಹೊರ ಡಿಸ್ಕ್, ಅದಾದ ಮೇಲೆ ದುಡ್ಡು ಉಳಿದರೆ ಡಬ್ಬಿ. ಆಫೀಸ್ ಕೊಳ್ಳಲಾಗದಿದ್ದರೆ ಲಿಬ್ರೆಆಫೀಸ್ ಹಾಕಿ, ಅದು ಉಚಿತ, ಯೂನಿಕೋಡ್ ಕನ್ನಡಕ್ಕೆ ಚೆನ್ನಾಗಿದೆ.

ಸಿಂಧನೂರು ಅಕೌಂಟ್ಸ್

ಆದ್ಯತೆಯ ಕ್ರಮಕ್ಕೆ ನನ್ನ ತಕರಾರಿಲ್ಲ. ಕ್ರ್ಯಾಕ್ ಇದ್ದ ಯಂತ್ರಕ್ಕೆ ಡಬ್ಬಿ ಕೊಂಡರೆ ಅದು ವ್ಯರ್ಥವೇ. ಟ್ಯಾಲಿ ಡೇಟಾಗೆ ಡಿಫೆಂಡರಿನ ರ‍್ಯಾನ್ಸಮ್‌ವೇರ್ ರಕ್ಷಣೆ ಹೇಗೆ ಹಾಕುವುದು, ಅದನ್ನು ಬಿಡಿಸಿ ಬರೆಯಿರಿ. ಅದನ್ನು ಆನ್ ಮಾಡಿದರೆ ಟ್ಯಾಲಿ ಸೇವ್ ಆಗುವುದಿಲ್ಲ ಎಂದು ಬಹಳ ಜನ ಆಫ್ ಮಾಡಿಬಿಡುತ್ತಾರೆ.

ರಾಯಚೂರು ಹಾರ್ಡ್‌ವೇರ್

ಅದರ ಹೆಸರು ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಪುಟದ ಕೊನೆಯಲ್ಲಿ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗಿದೆ. ಮೂಲತಃ ಆಫ್ ಇರುತ್ತದೆ. ಆನ್ ಮಾಡಿದರೆ ನಂಬಿಕೆಯ ಪ್ರೋಗ್ರಾಮ್ ಬಿಟ್ಟು ಬೇರೆ ಯಾವುದೂ ಆ ಫೋಲ್ಡರಿನ ಫೈಲ್ ಬದಲಿಸುವಂತಿಲ್ಲ.

ಇಲ್ಲಿ ಎರಡು ಎಡವಟ್ಟು ಆಗುತ್ತದೆ. ಒಂದು, ಅದು ತಾನಾಗಿ ಕಾಯುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್‌ನಂಥ ಫೋಲ್ಡರನ್ನು ಮಾತ್ರ. ನಮ್ಮಲ್ಲಿ ಎಲ್ಲರೂ ಕೆಲಸ ಇಡುವುದು ಡಿ ಡ್ರೈವಿನಲ್ಲಿ. ಅದನ್ನು ಪ್ರೊಟೆಕ್ಟೆಡ್ ಫೋಲ್ಡರ್ಸ್ ಪಟ್ಟಿಗೆ ಕೈಯಾರೆ ಸೇರಿಸಬೇಕು. ಟ್ಯಾಲಿಯ ಡೇಟಾ ಎಲ್ಲಿದೆ ಎಂದು ಊಹಿಸಬೇಡಿ. ಟ್ಯಾಲಿಯಲ್ಲಿ ಕಂಪನಿ ಆರಿಸುವ ಪರದೆಯಲ್ಲೇ ಡೇಟಾದ ದಾರಿ ಕಾಣುತ್ತದೆ, ಅದೇ ಫೋಲ್ಡರ್ ಸೇರಿಸಿ.

ಎರಡು, ಸೇರಿಸಿದ ಮೇಲೆ ಟ್ಯಾಲಿಯನ್ನೇ ತಡೆಯಬಹುದು. ಆಗ ಬಲಗಡೆ ಕೆಳಗೆ ಅನ್‌ಆಥರೈಸ್ಡ್ ಚೇಂಜಸ್ ಬ್ಲಾಕ್ಡ್ ಎಂಬ ಸೂಚನೆ ಬರುತ್ತದೆ. ಆಫ್ ಮಾಡಲು ಹೋಗಬೇಡಿ. ಅದೇ ಪುಟದಲ್ಲಿ ಅಲೋ ಆ್ಯನ್ ಆ್ಯಪ್ ಥ್ರೂ ಒತ್ತಿ, ಆ್ಯಡ್ ಕೊಟ್ಟು, ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್ ಆರಿಸಿದರೆ ಟ್ಯಾಲಿಯ ಹೆಸರು ಅಲ್ಲೇ ಇರುತ್ತದೆ, ಪಕ್ಕದ ಪ್ಲಸ್ ಒತ್ತಿ. ಟ್ಯಾಲಿ ಮುಚ್ಚಿ ಮತ್ತೆ ತೆರೆಯಿರಿ. ನುಡಿಗೂ ಇದೇ ಕ್ರಮ.

ಬ್ಯಾಕಪ್ ಇಲ್ಲದೆ ಇದೆಲ್ಲ ಅರ್ಧ ಕೆಲಸ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಮೆನು, ಅದರಲ್ಲಿ ಬ್ಯಾಕಪ್. ಹೊರ ಡಿಸ್ಕಿಗೆ ಇಳಿಸಿ, ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಯಂತ್ರಕ್ಕೆ ಅಂಟಿಕೊಂಡೇ ಇರುವ ಬ್ಯಾಕಪ್ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ. ಎರಡು ಡಿಸ್ಕ್ ಸರದಿಯಲ್ಲಿ ಬಳಸಿದರೆ ಇನ್ನೂ ಒಳ್ಳೆಯದು. ಡಿಎಸ್‌ಸಿ ಟೋಕನ್ನೂ ಅಷ್ಟೇ, ಸಹಿ ಆದ ಕೂಡಲೇ ತೆಗೆಯಿರಿ.

ಈಗಾಗಲೇ ಫೈಲುಗಳಿಗೆ ಬೀಗ ಬಿದ್ದಿದ್ದರೆ ಹಣ ಕೊಡಬೇಡಿ, ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ. ಡಚ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಒಂದೆರಡು ಫೈಲ್ ಕೊಟ್ಟರೆ ಯಾವ ತಳಿ, ಬಿಡಿಸುವ ಟೂಲ್ ಇದೆಯಾ ಎಂದು ಹೇಳುತ್ತದೆ. ಎಲ್ಲದಕ್ಕೂ ಇಲ್ಲ. ಇವತ್ತು ಇಲ್ಲದ್ದು ಮುಂದೆ ಬಂದೀತು, ಅದಕ್ಕೇ ಫೈಲ್ ಇಟ್ಟುಕೊಳ್ಳಿ ಎನ್ನುವುದು.

ಮಾನ್ವಿ ಓದುಗ

ದಿನಾ ಫುಲ್ ಸ್ಕ್ಯಾನ್ ಮಾಡಿದರೆ ಡಬ್ಬಿಯ ಅಗತ್ಯವೇ ಇಲ್ಲ ಅಲ್ಲವೇ? ಹಳೆಯ ಪಿಸಿ ಮಾತ್ರ ಸ್ಕ್ಯಾನ್ ಹೊತ್ತಿಗೆ ಅಲ್ಲಾಡುವುದಿಲ್ಲ.

ರಾಯಚೂರು ಹಾರ್ಡ್‌ವೇರ್

ದಿನಾ ಫುಲ್ ಸ್ಕ್ಯಾನ್ ಬೇಡ. ರಿಯಲ್ ಟೈಮ್ ಪ್ರೊಟೆಕ್ಷನ್ ಪ್ರತಿ ಫೈಲನ್ನು ತೆರೆಯುವಾಗಲೇ ನೋಡುತ್ತದೆ. ವಾರಕ್ಕೊಂದು ಕ್ವಿಕ್ ಸ್ಕ್ಯಾನ್, ಅನುಮಾನ ಬಂದಾಗ ಫುಲ್ ಸ್ಕ್ಯಾನ್ ಸಾಕು.

ಅಲ್ಲಾಡದಿರುವುದಕ್ಕೆ ಕಾರಣ ಹಾರ್ಡ್ ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆರೆದರೆ ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂಬ ಸಾಲು ಮೇಲಿರುತ್ತದೆ, ಡಿಸ್ಕ್ ಕಾಲಂ 100 ಶೇಕಡಾ. ಅದು ಡಿಫೆಂಡರೇ, ವೈರಸ್ ಅಲ್ಲ. ಸಾವಿರಾರು ಸಣ್ಣ ಫೈಲ್ ಹುಡುಕಿ ಓದಲು ತಿರುಗುವ ಡಿಸ್ಕಿನ ಮುಳ್ಳು ಹಿಂದೆ ಮುಂದೆ ಓಡಾಡಬೇಕು, ಎಸ್‌ಎಸ್‌ಡಿಗೆ ಆ ಓಡಾಟವೇ ಇಲ್ಲ. 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿ ಮಾಡಿ. ನಾಲ್ಕನೇ ಪೀಳಿಗೆಗೆ ಡಿಡಿಆರ್3 ಬೇಕು, ಡಿಡಿಆರ್4 ಆ ಸ್ಲಾಟಿನಲ್ಲಿ ಕೂರುವುದಿಲ್ಲ. ಆಂಟಿವೈರಸ್ ಬದಲಿಸಿ ವೇಗ ಹುಡುಕುವುದಕ್ಕಿಂತ ಇದು ನೂರು ಪಾಲು ಮೇಲು.

ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿದ ಪಿಸಿಯಲ್ಲಿ ಫುಲ್ ಸ್ಕ್ಯಾನ್ ಕೊಟ್ಟರೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸ್ಕ್ಯಾನ್ ಇನ್ನೂ ಎಳೆಯುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಎಂದು ಒಳಗೆ ಹೋದರೆ ಶೆಡ್ಯೂಲ್ಡ್ ಸ್ಕ್ಯಾನ್ ಸಿಗುತ್ತದೆ, ಟ್ರಿಗರ್ಸ್‌ನಲ್ಲಿ ಬೆಳಿಗ್ಗೆ 7ರ ಹೊತ್ತು ಇಡಿ. ಬ್ಲೋವರ್ ಹಿಡಿದು ಧೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ.

ಬಳ್ಳಾರಿ ನೆಟ್‌ವರ್ಕ್

ಪಿಸಿಯ ಮೂಲೆಯಲ್ಲಿ ‘ನಿಮ್ಮ ಆಂಟಿವೈರಸ್ ಮುಗಿದಿದೆ, 5 ವೈರಸ್ ಸಿಕ್ಕಿವೆ’ ಎಂಬ ಪೆಟ್ಟಿಗೆ ಬರುವವರಿಗೆ: ಹೆಚ್ಚಿನ ಸಲ ಅದು ಆಂಟಿವೈರಸ್ಸಿನದ್ದೂ ಅಲ್ಲ, ವೈರಸ್ಸೂ ಅಲ್ಲ. ಯಾವುದೋ ತಾಣ ‘ಅಲೋ’ ಒತ್ತಿಸಿಕೊಂಡು ಕ್ರೋಮ್ ಮೂಲಕ ಕಳಿಸುವ ಜಾಹೀರಾತು. ಪೆಟ್ಟಿಗೆಯ ಮೇಲೆ ಕ್ರೋಮ್ ಗುರುತು ಮತ್ತು ತಾಣದ ವಿಳಾಸ ಸಣ್ಣಕ್ಷರದಲ್ಲಿರುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ತೆರೆದು ಅನುಮತಿ ಪಡೆದ ಅಪರಿಚಿತ ತಾಣಗಳನ್ನೆಲ್ಲ ತೆಗೆದುಹಾಕಿ. ಅಲ್ಲೇ ಸೇಫ್ ಬ್ರೌಸಿಂಗನ್ನು ಎನ್‌ಹಾನ್ಸ್ಡ್‌ಗೆ ಇಡಿ, ಸಿಂಧನೂರಿನವರು ಹೇಳಿದ ಎರಡನೇ ಕೊರತೆ ಬಹುಪಾಲು ತುಂಬುತ್ತದೆ.

ಆ ಪೆಟ್ಟಿಗೆಯಲ್ಲಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ಎನಿಡೆಸ್ಕ್‌ನಂಥದ್ದು ಹಾಕಿಸಿಕೊಂಡು ಪರದೆ ನೋಡುತ್ತ ಬ್ಯಾಂಕ್ ಖಾತೆ ಖಾಲಿ ಮಾಡುವ ದಾರಿ ಅದು, ಅದನ್ನು ಯಾವ ಆಂಟಿವೈರಸ್ಸೂ ತಡೆಯಲಾರದು, ಯಾಕೆಂದರೆ ಎನಿಡೆಸ್ಕ್ ಅಸಲಿ ತಂತ್ರಾಂಶ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಅನುಮಾನ ಪರಿಹಾರದ ಜಾಗ ವೈರಸ್‌ಟೋಟಲ್. 650 ಎಂಬಿವರೆಗಿನ ಫೈಲ್ ಕೊಟ್ಟರೆ ಹಲವಾರು ಎಂಜಿನ್‌ಗಳ ಅಭಿಪ್ರಾಯ ಒಂದೇ ಪುಟದಲ್ಲಿ ಕಾಣುತ್ತದೆ. ಅಲ್ಲಿಗೆ ಏರಿಸಿದ ಫೈಲ್ ಭದ್ರತಾ ಕಂಪನಿಗಳಿಗೂ ಸಿಗುತ್ತದೆ, ಆದ್ದರಿಂದ ಆಧಾರ್, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಏರಿಸಬೇಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಬಾಟ್ (ಯಂತ್ರವನ್ನು ಬೇರೆಯವರ ಹಿಡಿತಕ್ಕೆ ಒಪ್ಪಿಸುವ ವೈರಸ್) ತೆಗೆಯುವ ಟೂಲ್‌ಗಳು, ಪೆನ್‌ಡ್ರೈವ್ ಹತೋಟಿಗೆ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನವರ ಯುಎಸ್‌ಬಿ ಪ್ರತಿರೋಧ್ ಎಂಬುದು ಉಚಿತವಾಗಿ ಸಿಗುತ್ತವೆ.

ಗಂಗಾವತಿ ಮನೆಪಿಸಿ

ಲ್ಯಾಪ್‌ಟಾಪಿನಿಂದ ಟ್ರಯಲ್ ತೆಗೆದಾಯಿತು, ಡಿಫೆಂಡರ್ ಹಸಿರು ಗುರುತು ತೋರಿಸುತ್ತಿದೆ. ಡೆಸ್ಕ್‌ಟಾಪಿಗೆ ಇಎಸ್‌ಯು ಸೇರಿಸಿದ್ದೇನೆ, ಎಕ್ಸ್‌ಕ್ಲೂಷನ್ಸ್‌ನಲ್ಲಿ ಡಿ ಡ್ರೈವ್ ಪೂರ್ತಿ ಇತ್ತು, ತೆಗೆದೆ. ಇನ್ನೆರಡೇ ಪ್ರಶ್ನೆ. ಡಿಫೆಂಡರ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಹೇಗೆ? ಇಎಸ್‌ಯು ಮುಗಿದ ಮೇಲೆ ಡೆಸ್ಕ್‌ಟಾಪ್ ಏನು ಮಾಡುವುದು?

ಕೊಪ್ಪಳ ಡಿಟಿಪಿ

ಮೊದಲನೇದಕ್ಕ ಐಕಾರ್ ಪರೀಕ್ಷೆ ಫೈಲ್ ಐತ್ರಿ. ಬರೀ 68 ಅಕ್ಷರದ್ದು, ವೈರಸ್ ಅಲ್ಲ, ಆದ್ರ ಎಲ್ಲ ಆಂಟಿವೈರಸ್ಸೂ ಅದನ್ನ ವೈರಸ್ ಅಂತಲೇ ಹಿಡಿಬೇಕು ಅಂತ ಒಪ್ಪಂದ ಮಾಡ್ಕೊಂಡಾವ. ಐಕಾರ್ ಸಂಸ್ಥೆಯ ತಾಣದಿಂದ ಇಳಿಸಿ ನೋಡ್ರಿ. ಇಳಿಯೋಕ್ಕಿಂತ ಮುಂಚೆನೇ ತಡೀಬೇಕು, ಇಲ್ಲಾ ಇಳಿದ ಕೂಡ್ಲೇ ಮಾಯ ಆಗಬೇಕು. ಪ್ರೊಟೆಕ್ಷನ್ ಹಿಸ್ಟರಿಯಾಗ ಅದರ ಸಾಲು ಕಾಣಬೇಕು. ಏನೂ ಆಗದೆ ಡೌನ್‌ಲೋಡ್ಸ್‌ನಾಗ ಕುಂತಿದ್ರ ರಿಯಲ್ ಟೈಮ್ ಆಫ್ ಐತಿ ಅಂತ ಅರ್ಥ. ಡಿ ಡ್ರೈವಿಗೂ ಒಂದು ಸಲ ಕಾಪಿ ಮಾಡಿ ನೋಡ್ರಿ, ವಿನಾಯಿತಿ ನಿಜವಾಗ್ಲೂ ಹೋತೋ ಇಲ್ಲೋ ತಿಳೀತದ. ಇಷ್ಟು ದಿನ ಅದು ಕಣ್ಣು ಮುಚ್ಚಿದ ಜಾಗ, ಅದಕ್ಕ ಡಿ ಡ್ರೈವಿಗೆ ಒಂದು ಕಸ್ಟಮ್ ಸ್ಕ್ಯಾನೂ ಕೊಡ್ರಿ.

ರಾಯಚೂರು ಹಾರ್ಡ್‌ವೇರ್

ಎರಡನೆಯದಕ್ಕೆ: ಆ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅಡ್ಡದಾರಿಯಲ್ಲಿ ಹಾಕಿದರೆ ಕೂರುತ್ತದೆ, ಆದರೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಲೆಕ್ಕದ ಯಂತ್ರಕ್ಕೆ ಅದು ಸಲ್ಲದು. ಟ್ಯಾಲಿ, ಡಿಎಸ್‌ಸಿ, ಬ್ಯಾಂಕ್ ಕೆಲಸ ಲ್ಯಾಪ್‌ಟಾಪಿಗೆ ಸಾಗಿಸಿ. ಹಳೆಯ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಕೂರಿಸಿದರೆ ಓದಿಗೆ, ಟೈಪಿಂಗಿಗೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ಯೂನಿಕೋಡ್ ಕನ್ನಡ ಕೀಲಿಮಣೆ ಅದರಲ್ಲೇ ಇದೆ. ನುಡಿಯ ಹಳೆಯ ಆಸ್ಕಿ ಫೈಲ್ (ನುಡಿ ಫಾಂಟ್ ಇಲ್ಲದೆ ಓದಲಾಗದ್ದು) ಇದ್ದರೆ ವಿಂಡೋಸ್ ತೆಗೆಯುವ ಮೊದಲೇ ನುಡಿಯ ಕನ್ವರ್ಟರಿನಲ್ಲಿ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿವೆಯಾ ಎಂದು ಒಂದೆರಡು ಪುಟ ಕಣ್ಣಾರೆ ನೋಡಿ, ಆಮೇಲೆ ಫಾರ್ಮ್ಯಾಟ್ ಮಾಡಿ.